ಬಹುವಚನದ ಅಳಿಯ

ನಮ್ಮ ಅಪ್ಪಾಜಿ ಪ್ರಯಾಣ ಮಾಡುವವರಲ್ಲ, ಪ್ರಯಾಣದ ಏರ್ಪಾಟು ಮಾಡುವವರು. ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ ಅವರು ಕಾಶಿಗೆ ಹೋಗುವವರು ಎಲ್ಲಿ ರೈಲು ಬದಲಾಯಿಸಬೇಕು, ರಾಮೇಶ್ವರದಲ್ಲಿ ಯಾವ ಛತ್ರದ ಬಾವಿ ನೀರು ಸಿಹಿ, ಆಗ್ರಾದಲ್ಲಿ ಜಟಕಾದವನ ಹತ್ತಿರ ಹೇಗೆ ಮಾತಾಡಬೇಕು ಎಂಬುದನ್ನೆಲ್ಲ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ವಿದ್ಯಾನಗರದ ನಮ್ಮ ಬೀದಿಯಲ್ಲಿ ಯಾರು ಯಾತ್ರೆಗೆ ಹೊರಟರೂ ಮೊದಲು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಹೋಗಿ ಬಂದ ಮೇಲೆ ಪ್ರಸಾದ ತಂದುಕೊಟ್ಟು, "ಮೇಷ್ಟ್ರೇ, ನೀವು ಹೇಳಿದ ಹಂಗೇ ಇತ್ತು ಕಣ್ರೀ" ಎನ್ನುತ್ತಿದ್ದರು. ಅಪ್ಪಾಜಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತಾವು ಮಾತ್ರ ಭದ್ರಾವತಿಯಿಂದ ಆಚೆಗೆ ಹೋದದ್ದು ಬಲು ಕಡಿಮೆ.

ಅವ್ವನಿಗೆ ಇಡೀ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ ಊರು. ನಾನು ಹಸುಗೂಸಾಗಿದ್ದಾಗ ನನಗೆ ನಾಯಿಕೆಮ್ಮು ಬಂದು, ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರಂತೆ. ಆಗ ಅವಳು ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, "ಹಂಪೆ ವಿರೂಪಾಕ್ಷ, ಈ ಮಗು ಬದುಕಿದ್ರೆ ಇದರ ತೂಕದ ಬೆಲ್ಲ ತಂದು ನಿನಗೆ ಒಪ್ಪಿಸ್ತೀನಿ" ಎಂದು ಹರಕೆ ಹೊತ್ತಳು. ನಾನು ಬದುಕಿದೆ. ಮುಡಿಪು ದೇವರ ಗೂಡಿನಲ್ಲಿ ಕೂತಿತು. ಅಪ್ಪಾಜಿ, "ಆಗಲಿ, ಬೇಸಿಗೆ ರಜ ಬರಲಿ" ಎಂದರು.

ಬೇಸಿಗೆ ರಜ ಬಂತು, ಹೋಯಿತು, ಮತ್ತೆ ಬಂತು. "ಹಂಪೆ ಅಂದ್ರೆ ಸುಮ್ನೆ ಹೋಗಿ ಬರೋ ಊರಲ್ಲ ಕಣೇ" ಎಂದು ಅಪ್ಪಾಜಿ ಅವ್ವನಿಗೆ ಹೇಳುತ್ತಿದ್ದರು. "ಹದಿನೈದು ದಿನನಾದ್ರೂ ಬೇಕು. ಓದ್ಕೊಂಡು ಹೋಗ್ಬೇಕು. ಸಿದ್ಧತೆ ಸಾಲದು."

"ನಿಮಗೆ ಹದಿನೈದು ದಿನ ಬೇಕು. ನನಗೆ ಅರ್ಧ ಗಂಟೆ ಸಾಕು" ಎನ್ನುತ್ತಿದ್ದಳು ಅವ್ವ. "ಆ ಬಿದ್ದಿರೋ ಕಲ್ಲೆಲ್ಲ ನೀವು ನೋಡ್ಕೊಳಿ. ನನಗೆ ದೀಪ ಉರಿಯೋ ಗುಡಿ ಒಂದು ತೋರ್ಸಿ."

ಈ ಹರಕೆಗೆ ಒಂದು ವಿಶೇಷವಿತ್ತು. ಬೇರೆ ಹರಕೆಗಳು ತಡವಾದರೆ ತಡವಾಗುತ್ತವೆ ಅಷ್ಟೆ. ನಮ್ಮದು ತಡವಾದಷ್ಟೂ ಬೆಳೆಯುತ್ತಿತ್ತು. ಮೊದಲ ವರ್ಷವೇ ಹೋಗಿದ್ದರೆ ಒಂದು ಕೈಚೀಲದ ಬೆಲ್ಲದಲ್ಲಿ ಮುಗಿಯುತ್ತಿತ್ತು. ನಾನು ಸ್ಕೂಲಿಗೆ ಸೇರಿದೆ, ಲಂಗ ಬಿಟ್ಟು ಸೀರೆ ಉಟ್ಟೆ, ಮದುವೆಯೂ ಆಯಿತು. ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡಾಗಲೆಲ್ಲ ಅವ್ವ, "ತಿನ್ನು ತಾಯಿ, ತಿನ್ನು. ವಿರೂಪಾಕ್ಷ ಕಾಯ್ತಾ ಇದಾನೆ, ಅವನಿಗೇನು ಅವಸರ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಆದರೆ ಪ್ರತಿ ವರ್ಷ ಯುಗಾದಿಗೆ ದೇವರ ಗೂಡು ಒರೆಸುವಾಗ ಆ ಮುಡಿಪನ್ನು ಕೈಯಲ್ಲಿ ಹಿಡಿದು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು.

ನನ್ನನ್ನು ಭದ್ರಾವತಿಗೆ ಕೊಟ್ಟಿದ್ದರು. ನಮ್ಮ ಯಜಮಾನರು ಅಲ್ಲಿನ ಕಾರ್ಖಾನೆಯಲ್ಲಿ ಉಕ್ಕಿನ ಕೆಲಸ ನೋಡುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಮನೆ. ಬೆಳಿಗ್ಗೆ ಹರವಿದ ಬಿಳಿ ಪಂಚೆ ಮಧ್ಯಾಹ್ನದ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಪಕ್ಕದ ಮನೆಯ ತಮಿಳಿನಾಕೆ ಮತ್ತು ನಾನು ದಿನವೂ ಆ ಚಿಮಣಿಗಳನ್ನು ನಮ್ಮ ನಮ್ಮ ಭಾಷೆಯಲ್ಲಿ ಬೈಯುತ್ತಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಕಾರ್ಖಾನೆಗೆ ಹೊಸ ಯಂತ್ರಗಳು ಬರುವುದಿತ್ತು, ಅದಕ್ಕೆ ಕೆಲವರನ್ನು ತರಬೇತಿಗೆಂದು ಜರ್ಮನಿಗೆ ಕಳಿಸುತ್ತಿದ್ದರು. ನಮ್ಮ ಯಜಮಾನರ ಹೆಸರೂ ಬಂತು. ಆರು ತಿಂಗಳು.

ಸುದ್ದಿ ತಿಳಿದ ಮುಂದಿನ ಭಾನುವಾರವೇ ಅಪ್ಪಾಜಿ ಬೆಳಗಿನ ರೈಲಿಗೆ ಬಂದಿಳಿದರು. ಕಂಕುಳಲ್ಲಿ ಸ್ಕೂಲಿನ ದೊಡ್ಡ ಅಟ್ಲಾಸು. ಹಿಂದೆ ಅವ್ವ, ಕೈಯಲ್ಲಿ ಹುರುಳಿಕಾಯಿಯ ಚೀಲ. ಅಪ್ಪಾಜಿ ಕಾಫಿಗೂ ಕಾಯದೆ ಮಂಚದ ಮೇಲೆ ಅಟ್ಲಾಸು ಹರವಿದರು.

"ನೋಡಿ ಅಳಿಯಂದಿರೇ, ಜರ್ಮನಿಗೆ ಹೋಗಿ ಬರೀ ಕುಲುಮೆ ನೋಡ್ಕೊಂಡು ಬರೋದಾ? ಇಲ್ಲಿ ನೋಡಿ, ಟ್ರಿಯರ್ ಅಂತ. ರೋಮನ್ ಚಕ್ರವರ್ತಿಗಳು ಕೂತು ಆಳಿದ ಊರು. ನೀವಿರೋ ಜಾಗದಿಂದ ರೈಲಲ್ಲಿ ಹೋದ್ರೆ ಸಂಜೆಗೆ ಮುಟ್ತೀರಿ. ಮೂರು ದಿನ ಸಿಕ್ಕಿದ್ರೆ ಸಾಕು, ಎಲ್ಲಾ ನೋಡಬಹುದು."

ನಮ್ಮ ಯಜಮಾನರಿಗೆ ಜರ್ಮನಿಯಿಂದ ಬೇಕಾಗಿದ್ದದ್ದು ಒಂದು ಒಳ್ಳೆಯ ಕೈಗಡಿಯಾರ. ಆದರೆ ಅವರು ಸಾಧು ಮನುಷ್ಯ. "ಆಗಲಿ ಮಾವ" ಎಂದರು.

ಆ "ಆಗಲಿ ಮಾವ" ಸಾಕಾಯಿತು. ಅಲ್ಲಿಂದ ಭಾನುವಾರಕ್ಕೊಮ್ಮೆ ನಮ್ಮ ಮನೆಯ ಮಂಚದ ಮೇಲೆ ಟ್ರಿಯರ್ ಏಳತೊಡಗಿತು. ಅಪ್ಪಾಜಿ ಯಾವುದೋ ಕಾಲೇಜಿನ ಲೈಬ್ರರಿಗೆ ಹೋಗಿ ದಪ್ಪ ಪುಸ್ತಕಗಳನ್ನು ನೋಡಿಕೊಂಡು ಬರುತ್ತಿದ್ದರು. ಅವರ ಏರ್ಪಾಟಿನ ಪ್ರಕಾರ ಅಳಿಯಂದಿರು ಮೊದಲ ದಿನ ಬೆಳಿಗ್ಗೆ ಎದ್ದು, ಸ್ನಾನ, ಲಿಂಗಪೂಜೆ. ಪೂಜೆಯ ನೀರಿಗೆ ಹಿಂದಿನ ಸಂಜೆಯೇ ಇಳಿದುಕೊಂಡ ಮನೆಯವರಿಗೆ ಹೇಳಿಟ್ಟಿರಬೇಕು. ಆಮೇಲೆ ಅವಲಕ್ಕಿ ತಿಂದು ಕಪ್ಪು ಬಾಗಿಲಿಗೆ ಹೋಗುವುದು. ಅದು ಊರಿನ ಹೆಬ್ಬಾಗಿಲು, ಕಲ್ಲಿನ ಮೇಲೆ ಕಲ್ಲಿಟ್ಟು ಗಾರೆಯಿಲ್ಲದೆ ಕಟ್ಟಿದ್ದು, ಕಬ್ಬಿಣದ ಪಟ್ಟಿಗಳೇ ಕಲ್ಲುಗಳನ್ನು ಹಿಡಿದಿದ್ದವು. ಬೆಳಕು ಪಶ್ಚಿಮಕ್ಕೆ ತಿರುಗುವ ಮುಂಚೆ ನೋಡಿ ಮುಗಿಸಬೇಕು. ಎರಡನೆಯ ದಿನ ಸ್ನಾನಗೃಹಗಳು ಮತ್ತು ಗುಡ್ಡಕ್ಕೆ ಒತ್ತಿಕೊಂಡಿರುವ ಕಾಳಗದ ಕಣ. ಮೂರನೆಯ ದಿನ ಹೊಳೆಯ ಸೇತುವೆ. ಅದರ ಕಂಬಗಳು ರೋಮನ್ನರು ನಿಲ್ಲಿಸಿದವೇ, ಇವತ್ತಿಗೂ ಅವುಗಳ ಮೇಲೆ ಗಾಡಿಗಳು ಓಡಾಡುತ್ತವೆ.

"ಕಬ್ಬಿಣದ ಪಟ್ಟಿನಾ?" ಎಂದು ನಮ್ಮ ಯಜಮಾನರು ಮೊದಲ ಬಾರಿಗೆ ತಲೆಯೆತ್ತಿದರು. "ಇನ್ನೂ ಇದಾವಾ ಮಾವ?"

"ಬಹಳಷ್ಟು ಕಿತ್ಕೊಂಡು ಹೋಗಿದಾರೆ, ನಡುವಿನ ಕಾಲದಲ್ಲಿ. ಕಲ್ಲಲ್ಲಿ ಗುಳಿ ಕಾಣ್ಸುತ್ತಂತೆ. ನೀವು ಕೈ ಹಾಕಿ ನೋಡಿ" ಎಂದರು ಅಪ್ಪಾಜಿ. ಅವರ ಮುಖ ಅರಳಿತು.

ಅವ್ವ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಾ ಎಲ್ಲವನ್ನೂ ಕೇಳುತ್ತಿದ್ದಳು. "ಅದೇನದು, ರೋಮದವರ ಸ್ನಾನದ ಮನೆ? ರೋಮ ಅಂದ್ರೆ ಕೂದಲಲ್ವಾ? ಕ್ಷೌರದ ಅಂಗಡಿಗೆ ಅಳಿಯನ್ನ ಅಷ್ಟು ದೂರ ಕಳಿಸ್ತೀರಾ?"

"ಥೂ, ನೀನು ಸುಮ್ನಿರೇ" ಎಂದರು ಅಪ್ಪಾಜಿ. "ಚಕ್ರವರ್ತಿಗಳ ಸ್ನಾನಗೃಹ ಅದು. ಎಂಥಾ ದೊಡ್ಡದು ಗೊತ್ತಾ? ನೆಲದಡಿಗೆಲ್ಲ ಸುರಂಗ. ಆದ್ರೆ ಪಾಪ, ಕಟ್ಟೋದು ಪೂರ್ತಿ ಆಗ್ಲಿಲ್ಲ. ಅದರಲ್ಲಿ ಯಾರೂ ಸ್ನಾನ ಮಾಡಿದ್ದೇ ಇಲ್ಲ."

"ಏನು? ಅಷ್ಟೆಲ್ಲ ಏರ್ಪಾಟು ಮಾಡಿ ಸ್ನಾನ ಮಾಡ್ಲೇ ಇಲ್ವಾ?" ಅವ್ವ ಹುರುಳಿಕಾಯಿ ಕೆಳಗಿಟ್ಟಳು. "ಹಾಗಾದ್ರೆ ಅವರು ನಿಮ್ಮ ಪೈಕಿಯೋರೇ ಇರ್ಬೇಕು."

ನಮ್ಮ ಯಜಮಾನರು ಕೆಮ್ಮು ಬಂದವರಂತೆ ಎದ್ದು ಹಿತ್ತಲಿಗೆ ಹೋದರು. ನಾನು ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ನಗುವಾಗಲೂ ನನಗೆ ಸಿಟ್ಟಿತ್ತು ಎಂಬುದನ್ನು ಹೇಳಿಬಿಡಬೇಕು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು. ಶಿವಮೊಗ್ಗದಲ್ಲಿ ನಮ್ಮ ಮನೆಯವರು ಕುಡಿಯುವುದು ತುಂಗೆಯ ನೀರು, ಭದ್ರಾವತಿಯಲ್ಲಿ ನಾನು ಕುಡಿಯುವುದು ಭದ್ರೆಯದು. ಎರಡೂ ಕೂಡಲಿಯಲ್ಲಿ ಸೇರಿ ಹರಿದು ಹೋಗುವುದು ಹಂಪೆಯ ಮುಂದೆಯೇ. ನೀರು ಕೂಡ ಯಾವ ಸಿದ್ಧತೆಯೂ ಇಲ್ಲದೆ ಹೋಗಿ ಮುಟ್ಟುವ ಊರನ್ನು ನಮ್ಮ ಅವ್ವ ಮುಟ್ಟಿರಲಿಲ್ಲ. ಅಪ್ಪಾಜಿಯ ಬೆರಳು ಮಾತ್ರ ಅಟ್ಲಾಸಿನ ಮೇಲೆ ಸಮುದ್ರಗಳನ್ನು ದಾಟುತ್ತಿತ್ತು.

ಹಾಗೆಂದು ಅಪ್ಪಾಜಿಯದು ಬರೀ ಒಣ ಶೋಕಿ ಎಂದರೆ ಪಾಪ ಬರುತ್ತದೆ. ಒಂದು ಭಾನುವಾರ ನಮ್ಮ ಯಜಮಾನರು ಸ್ನಾನಕ್ಕೆ ಹೋಗಿದ್ದಾಗ ನಾನು ಕೇಳಿಯೇಬಿಟ್ಟೆ: "ಅಪ್ಪಾಜಿ, ಇವರಿಗೆ ಆ ಕಲ್ಲು ಕಟ್ಕೊಂಡು ಏನಾಗ್ಬೇಕು? ಯಾಕೆ ಹಿಂಗೆ ಗಂಟು ಬಿದ್ದಿದೀರಿ?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ನೌಕರಿಗೆ ಸೇರಿದಾಗಿಂದ ರೋಮಿನ ಪಾಠ ಮಾಡ್ತಾ ಬಂದಿದೀನಮ್ಮ. ಅವರು ಇಟ್ಟ ಒಂದೇ ಒಂದು ಕಲ್ಲು ನೋಡಿಲ್ಲ. ಹುಡುಗರು, ಸಾರ್ ನೀವು ನೋಡಿದೀರಾ ಅಂತ ಕೇಳಿದಾಗೆಲ್ಲ ಬೋರ್ಡಿನ ಕಡೆ ತಿರುಗ್ಬಿಡ್ತೀನಿ. ನಮ್ಮ ಮನೆಯೋರು ಒಬ್ಬರಾದ್ರೂ ಮುಟ್ಟಿ ಬರ್ಲಿ."

ನನಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟೂ ಬಂತು. ಆ ಮನೆಯವರಲ್ಲಿ ಅವ್ವ ಲೆಕ್ಕಕ್ಕೆ ಇರಲಿಲ್ಲವಲ್ಲ.

ವಸತಿಯ ವಿಚಾರಕ್ಕೆ ಅಪ್ಪಾಜಿ ಟ್ರಿಯರ್ ಊರಿನ ಪುರಭವನಕ್ಕೇ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದರು. ಅದು ನಮಗೆ ಗೊತ್ತಾದದ್ದು ಉತ್ತರ ಬಂದಾಗ. ಅಲ್ಲಿನವರು ಆ ಕಾಗದವನ್ನು ಕಪ್ಪು ಬಾಗಿಲಿನ ಹತ್ತಿರ ಮನೆಯಲ್ಲೇ ಕೋಣೆ ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿಗೆ ದಾಟಿಸಿದ್ದರು. ಆಕೆ ಬಣ್ಣದ ಭೂಪಟವೊಂದನ್ನು ಇಟ್ಟು ಇಂಗ್ಲಿಷಿನಲ್ಲಿ ಮರ್ಯಾದೆಯ ಉತ್ತರ ಬರೆದಿದ್ದಳು. ಆ ಭಾನುವಾರ ಅಪ್ಪಾಜಿ ಭೂಪಟವನ್ನು ಮಂಚದ ಮೇಲೆ ಹರವಿ, ಕಾಗದವನ್ನು ನಮ್ಮ ಯಜಮಾನರ ಕೈಗೆ ಕೊಟ್ಟು, "ಓದಿ, ಎಲ್ಲರಿಗೂ ಕೇಳೋ ಹಂಗೆ ಓದಿ" ಎಂದರು.

ನಮ್ಮ ಯಜಮಾನರು ಒಂದೊಂದು ಸಾಲನ್ನೂ ಕನ್ನಡ ಮಾಡುತ್ತಾ ಓದಿದರು. ಬಿಸಿನೀರು ಸಿಗುತ್ತದೆ. ಮಾಂಸ ತಿನ್ನದವರಿಗೆ ಆಲೂಗಡ್ಡೆ, ಬ್ರೆಡ್ಡು, ಹಾಲು ಕೊಡಬಹುದು. ಆಮೇಲೆ ಅವರ ದನಿ ನಿಧಾನವಾಯಿತು.

"ಮಾವ, ಈಯಮ್ಮ ಕೇಳ್ತಾ ಇದಾರೆ... ನಿಮ್ಮ ಅಳಿಯಂದಿರು ಒಟ್ಟು ಎಷ್ಟು ಜನ ಅಂತ. ತಮ್ಮಲ್ಲಿ ಇರೋದು ಮೂರೇ ಹಾಸಿಗೆ, ಅದಕ್ಕಿಂತ ಜಾಸ್ತಿ ಜನ ಇದ್ರೆ ಪಕ್ಕದ ಮನೆಯಲ್ಲೂ ಹೇಳಿಡ್ತೀನಿ ಅಂತಾರೆ. ಹೆಣ್ಣುಮಕ್ಕಳೂ ಜೊತೆಗೆ ಬರ್ತಾರಾ ಅಂತ ಕೇಳಿದಾರೆ."

ನಾನು ಅಪ್ಪಾಜಿಗೆ ಒಬ್ಬಳೇ ಮಗಳು. ಇರುವುದು ಒಬ್ಬನೇ ಅಳಿಯ.

"ಅಪ್ಪಾಜಿ, ಏನು ಬರೆದಿದ್ರಿ ನೀವು?" ಎಂದು ಅಡಿಗೆಮನೆಯಿಂದಲೇ ಕೇಳಿದೆ.

ಅಪ್ಪಾಜಿ ಕತ್ತು ತುರಿಸಿಕೊಂಡರು. "ಅಳಿಯಂದಿರು ಬರ್ತಾರೆ ಅಂತ ಬರೆದಿದ್ದೆ."

ವಿಷಯ ಹೊರಬಿತ್ತು. ನಮ್ಮ ಕಡೆ ಅಳಿಯ ಒಬ್ಬನೇ ಇದ್ದರೂ ಅಳಿಯಂದಿರು. ಬಂದರು, ಕೂತರು, ಉಂಡರು. ಅಪ್ಪಾಜಿಗೆ ಇಂಗ್ಲಿಷ್ ಬರದೆ ಮಾಡಿದ ತಪ್ಪಲ್ಲ ಅದು. ಸ್ಕೂಲಿನಲ್ಲಿ ಎಷ್ಟೋ ಹುಡುಗರ ವ್ಯಾಕರಣ ತಿದ್ದಿದವರು. ಆದರೆ ಪೆನ್ನು ಹಿಡಿದು ಕೂತಾಗ ಅಳಿಯನನ್ನು 'ಹಿ' ಎಂದು ಬರೆಯಲು ಅವರ ಕೈ ಏಳಲಿಲ್ಲ. 'ಹಿ' ಎಂದರೆ ಅವನು. ಅಳಿಯನನ್ನು ಅವನು ಅನ್ನುವುದುಂಟೆ? ಅದಕ್ಕೇ 'ದೇ' ಎಂದು ಬರೆದಿದ್ದರು. 'ದೇ' ಬಂದ ಮೇಲೆ ಒಬ್ಬ ಅಳಿಯ ಸರಿಹೊಂದಲಿಲ್ಲ, ಅಳಿಯನನ್ನೂ ಬಹುವಚನ ಮಾಡಿದ್ದರು. ಬಹುವಚನದ ಅಳಿಯಂದಿರು ಬಿಸಿನೀರಿನಲ್ಲಿ ಸ್ನಾನ ಮಾಡಿ, ಪೂಜೆ ಮುಗಿಸಿ, ಸಾಲಾಗಿ ಕಪ್ಪು ಬಾಗಿಲು ನೋಡಲು ಹೊರಡುತ್ತಾರೆಂದು ಆ ಹೆಂಗಸು ತಿಳಿದುಕೊಂಡಿದ್ದಳು.

ನಮ್ಮ ಯಜಮಾನರು ಕಾಗದದಿಂದ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ಕೊನೆಗೆ ಅಪ್ಪಾಜಿಯೂ ನಕ್ಕುಬಿಟ್ಟರು. ಅವ್ವ ಕಣ್ಣು ಒರೆಸಿಕೊಳ್ಳುತ್ತಾ ನಕ್ಕು, ನಗು ಮುಗಿದ ಮೇಲೆ ಅದೇ ದನಿಯಲ್ಲಿ ಹೇಳಿದಳು: "ಹೆಂಗೂ ಮೂರು ಹಾಸಿಗೆ ಐತಂತಲ್ಲ. ನನ್ನನ್ನೂ ಒಂದು ಸೇರ್ಸಿ ಬರೀರಿ. ಹಂಪೆಗಂತೂ ಹೋಗ್ಲಿಲ್ಲ."

ಅಪ್ಪಾಜಿ ಇನ್ನೂ ನಗುತ್ತಲೇ ಇದ್ದರು. ಭೂಪಟದ ಮಡಿಕೆಯನ್ನು ಬಿಡಿಸುತ್ತಾ, "ನೀನೆಲ್ಲಿಗೆ ಬರ್ತೀಯೇ, ಹೋಗೆ, ಕಾಫಿ ತಗೊಂಬಾ" ಎಂದರು.

ಅಷ್ಟೇ. ಕೈಯಲ್ಲಿ ಒಗ್ಗರಣೆಯ ಸೌಟಿತ್ತು, ಅದನ್ನು ಹಿಡಿದೇ ನಡುಮನೆಗೆ ಬಂದೆ.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ನೆ ಹೇಳಿಲ್ಲ ಅಪ್ಪಾಜಿ! ಅಳಿಯ ಒಬ್ಬರೇ ಇದ್ರೂ ನಿಮ್ಮ ಕೈಗೆ 'ಹಿ' ಬರೆಯೋಕೆ ಆಗ್ಲಿಲ್ಲ. ಕಾಣದ ದೇಶದಲ್ಲಿ ಅವರಿಗೆ ಮೂರು ಹಾಸಿಗೆ ಹಾಸಿಸಿದ್ರಿ. ಹುಟ್ಟಿದಾಗಿಂದ ನೋಡ್ತಿದೀನಿ, ಅವ್ವ ಕೇಳಿದ್ದು ಅರ್ಧ ಗಂಟೆ. ಅರ್ಧ ಗಂಟೆ! ಅವಳಿಗೆ ಮಾತ್ರ ಹೋಗೆ, ಬಾರೆ, ಕಾಫಿ ತಗೊಂಬಾ. ನಿಮ್ಮ ಬಹುವಚನ ಎಲ್ಲಾ ಅಳಿಯನಿಗೇ ಖರ್ಚಾಗಿಹೋಯ್ತಾ?"

ನಮ್ಮ ಯಜಮಾನರು, "ಏನಿದು, ಸುಮ್ನಿರು" ಎಂದು ನನ್ನ ತೋಳು ಹಿಡಿದರು. ನಾನು ಕೊಡವಿಕೊಂಡೆ.

ಅಪ್ಪಾಜಿ ಭೂಪಟ ಮಡಿಸುತ್ತಾ ಮೆಲ್ಲಗೆ ಹೇಳಿದರು: "ಏಕವಚನ ಅಂದ್ರೆ ಸಲಿಗೆ ಕಣಮ್ಮ. ನೀನೂ ಅವಳನ್ನ ನೀನು ಅಂತೀಯ. ನಾವು ಶಿವನನ್ನೂ ನೀನು ಅಂತಲೇ ಕರೀತೀವಿ."

ಮಾತು ಸುಳ್ಳಲ್ಲ. ನಾನು ಅವ್ವನನ್ನು ಏಕವಚನದಲ್ಲೇ ಕರೆದವಳು, ಈ ಬರಹದಲ್ಲೂ ಹಾಗೆಯೇ ಕರೆಯುತ್ತಿದ್ದೇನೆ. ಬೇರೆ ರೀತಿ ಕರೆದರೆ ಅದು ನನ್ನ ಅವ್ವ ಅನ್ನಿಸುವುದೇ ಇಲ್ಲ. ಉತ್ತರ ಕೊಟ್ಟದ್ದು ಅವ್ವ, ನೆಲದ ಮೇಲಿನ ಹುರುಳಿಕಾಯಿಯ ನಾರು ಗುಡ್ಡೆ ಮಾಡುತ್ತಾ.

"ಶಿವನಿಗೇನು, ದಿನಾ ಬೆಳಿಗ್ಗೆ ಪೂಜೆ ಆಗುತ್ತಲ್ಲ" ಎಂದಳು. ಎದ್ದು ಕಾಫಿ ತರಲು ಹೋದಳು.

ಮುಂದಿನ ಭಾನುವಾರ ಅಪ್ಪಾಜಿ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಆ ಹೆಂಗಸಿಗೆ ಅಳಿಯ ಒಬ್ಬನೇ ಎಂದು ತಿದ್ದಿ ಬರೆಯಲೂ ಇಲ್ಲ. ನಮ್ಮ ಯಜಮಾನರು ಹೊರಡುವ ದಿನ ಮಾತ್ರ ಸ್ಟೇಷನ್ನಿಗೆ ಬಂದು, ಭೂಪಟವನ್ನೂ ಮೂರು ದಿನದ ಏರ್ಪಾಟಿನ ಹಾಳೆಯನ್ನೂ ಕೊಟ್ಟು, "ನಿಮಗೆ ಇಷ್ಟ ಆದ್ರೆ ಹೋಗಿ. ಬಲವಂತ ಏನಿಲ್ಲ" ಎಂದರು. ಏರ್ಪಾಟು ಮಾಡಿದ ಮೇಲೆ ಅಪ್ಪಾಜಿ ಬಲವಂತವಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಯಜಮಾನರು ಅವರ ಕಾಲಿಗೆ ನಮಸ್ಕರಿಸಿ, "ಹೋಗಿ ಬರ್ತೀನಿ ಮಾವ" ಎಂದು ರೈಲು ಹತ್ತಿದರು.

ಆ ಆರು ತಿಂಗಳು ನಾನು ಶಿವಮೊಗ್ಗದ ಮನೆಯಲ್ಲಿದ್ದೆ. ಮಳೆ ಬಂತು, ತುಂಗೆ ತುಂಬಿ ಹೊಳೆಯ ನಡುವಿನ ಮಂಟಪ ಮುಳುಗಿತು, ನೀರು ಇಳಿಯಿತು. ಅಪ್ಪಾಜಿ ಮಾತು ಕಡಿಮೆ ಮಾಡಿದ್ದರು. ಜಗಲಿಗೆ ಯಾತ್ರೆಯವರು ಬಂದರೆ ನಾಲ್ಕು ಮಾತು ಹೇಳಿ ಕಳಿಸಿಬಿಡುತ್ತಿದ್ದರು. ನನ್ನ ಮಾತು ಅವರಿಗೆ ತಾಗಿತ್ತು. ತಾಗಲಿ ಎಂದೇ ಆಡಿದ್ದು, ನನಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಆದರೂ ಅವರು ಊಟದ ಹೊತ್ತಿಗೆ ತಲೆ ತಗ್ಗಿಸಿ ಕೂತದ್ದನ್ನು ನೋಡಿದಾಗ ಅವ್ವನ ಮೇಲೂ ರೇಗುತ್ತಿತ್ತು. ಅವಳು ಎಂದಿನಂತೆ ಬಡಿಸುತ್ತಿದ್ದಳು, ಎಂದಿನಂತೆ ಕೊಂಕು ಆಡುತ್ತಿದ್ದಳು, ಏನೂ ಆಗದವಳ ಹಾಗೆ.

ದಸರೆಗೆ ಸ್ವಲ್ಪ ಮುಂಚೆ ಟ್ರಿಯರಿನಿಂದ ಕಾಗದ ಬಂತು. ವಿಳಾಸ ಅಪ್ಪಾಜಿಯ ಹೆಸರಿಗೆ. ಅಪ್ಪಾಜಿ ಜಗಲಿಯ ಬೆಳಕಿನಲ್ಲಿ ಕೂತು ಗಟ್ಟಿಯಾಗಿ ಓದಿದರು. ಅವ್ವ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು, ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ನಮ್ಮ ಯಜಮಾನರು ಬರೆದಿದ್ದರು: ಮಾವ, ನೀವು ಹೇಳಿದ ಹಾಗೆಯೇ ಇದೆ. ಕಪ್ಪು ಬಾಗಿಲು ನಿಜಕ್ಕೂ ಕಪ್ಪು, ನಮ್ಮ ಫರ್ನೇಸಿನ ಹಿಂದಿನ ಗೋಡೆಯ ಹಾಗಿದೆ. ಪಟ್ಟಿ ಕಿತ್ತ ಗುಳಿಯೊಳಗೆ ಕೈ ಹಾಕಿ ನೋಡಿದೆ; ಬೆರಳಿಗೆ ತುಕ್ಕು ಹತ್ತಿತು ಅನ್ನಿಸಿತು, ಇಲ್ಲ, ಬರೀ ಧೂಳು. ಸೇತುವೆಯ ಕಂಬಗಳನ್ನು ನಿಮ್ಮ ಪರವಾಗಿ ಮುಟ್ಟಬೇಕೆಂದು ದಂಡೆಗೆ ಇಳಿದು ಹೋದೆ, ಬೂಟು ಕೆಸರಾಯಿತು.

ಅಪ್ಪಾಜಿ ಅಲ್ಲಿ ನಿಲ್ಲಿಸಿ ಆಕಾಶ ನೋಡಿದರು. "ಮುಟ್ಟಿದ್ರಂತೆ" ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ಮುಂದೆ ಓದಿದರು.

ಮನೆಯ ಯಜಮಾನಿ ಮೂರು ಹಾಸಿಗೆಗೂ ಒಗೆದ ಹೊದಿಕೆ ಹಾಸಿ, ಮೂರು ಟವೆಲು ಮಡಿಸಿಟ್ಟು ಬಾಗಿಲಲ್ಲಿ ಕಾಯುತ್ತಿದ್ದಳು. ಅಳಿಯಂದಿರೆಲ್ಲ ನಾನೊಬ್ಬನೇ ಎಂದೆ. ಆಕೆ ನನ್ನ ಹಿಂದೆ ಬೀದಿಯನ್ನೆಲ್ಲ ನೋಡಿ, ಆಮೇಲೆ ನಕ್ಕಳು. ನಡುವಿನ ಹಾಸಿಗೆಯಲ್ಲಿ ಮಲಗಿದೆ. ಮಾವ, ಏರ್ಪಾಟಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೆ ನೋಡಿದ್ದನ್ನು ಸಂಜೆ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಆಚೆಗೊಂದು ಈಚೆಗೊಂದು ಖಾಲಿ ಹಾಸಿಗೆ ನೋಡಿಕೊಂಡು, ಒಂದು ನಿಮ್ಮದು, ಒಂದು ಅತ್ತೆಯವರದು ಅಂದುಕೊಂಡೆ.

ಕೊನೆಯ ಸಾಲನ್ನು ಅಪ್ಪಾಜಿ ಎರಡು ಸಲ ಓದಿದರು. ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದಳು.

"ಒಂದು ಹಾಸಿಗೆ ಹಾಸಿದ್ರಂತೆ ನನಗೆ" ಎಂದಳು. "ನೋಡು, ಗುರುತಿಲ್ಲ ಪರಿಚಯ ಇಲ್ಲ."

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಹಣೆಯ ವಿಭೂತಿಯಿನ್ನೂ ಹಸಿಯಿರುವಾಗಲೇ ಅಪ್ಪಾಜಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವವರೇ ಅಲ್ಲ.

"ದಸರೆ ರಜಕ್ಕೆ ಹೋಗಿಬರೋಣ್ವಾ?" ಎಂದರು. "ಹಂಪೆಗೆ."

ಅವ್ವ ತಿರುಗಿ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, "ಏರ್ಪಾಟಿನ ಚೀಟಿ ಬರೆದ್ರೆ ನಾನು ಬರಲ್ಲ" ಎಂದಳು.

"ಬರೆಯಲ್ಲ."

"ಓದ್ಕೊಂಡೂ ಬರಬಾರದು."

"ಓದಲ್ಲ."

ಚೀಟಿಯಿಲ್ಲದ ಆ ಪ್ರಯಾಣದಲ್ಲಿ ಎಡವಟ್ಟು ಎಷ್ಟೆಂದು ಹೇಳಲಿ! ಬೀರೂರಿನಲ್ಲಿ ತಪ್ಪು ಪ್ಲಾಟ್‌ಫಾರಮ್ಮಿನಲ್ಲಿ ನಿಂತೆವು. ಹುಬ್ಬಳ್ಳಿಯಲ್ಲಿ ಊಟದ ಬುತ್ತಿ ಬೆಂಚಿನ ಮೇಲೆ ಉಳಿಯಿತು. ಊರಿಗೆಲ್ಲ ರೈಲು ಹೇಳಿಕೊಟ್ಟ ನಮ್ಮ ಅಪ್ಪಾಜಿ ಗದಗಿನಲ್ಲಿ ಪೋರ್ಟರನ್ನು, "ಹೊಸಪೇಟೆಗೆ ಯಾವ ಗಾಡಿನಪ್ಪಾ?" ಎಂದು ಕೇಳುತ್ತಾ ನಿಂತಿದ್ದರು. ಅವ್ವ ಕಿಟಕಿಯ ಪಕ್ಕ ಕೂತು, ಸೆರಗಿನ ತುದಿಯಲ್ಲಿ ಮುಡಿಪು ಕಟ್ಟಿಕೊಂಡು, ಹೊರಗಿನ ಜೋಳದ ಹೊಲಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಹೊಸಪೇಟೆಯಿಂದ ಬಸ್ಸು ಹಿಡಿದು ಹಂಪೆಯಲ್ಲಿ ಇಳಿದಾಗ ಬಿಸಿಲೇರಿತ್ತು. ದಾರಿಯ ಎರಡೂ ಕಡೆ ಕಲ್ಲಿನ ಕಂಬಗಳು, ಬಾಗಿಲುಗಳು, ಬಂಡೆಗಳು. ಅಪ್ಪಾಜಿ ಬಾಯಿ ತೆರೆದರು, ಏನೋ ಹೇಳಲು ಹ್ಞಾ ಎಂದರು, ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಮುಂದೆ ಗೋಪುರ ಕಾಣಿಸಿತು. ಅವ್ವ ಚಪ್ಪಲಿ ಅಲ್ಲೇ ಬಿಟ್ಟು, ಸುಡುವ ನೆಲದ ಮೇಲೆ ಬರಿಗಾಲಿನಲ್ಲಿ ನಡೆದಳು.

ದೇವಸ್ಥಾನದ ಮುಂದಿನ ಬೀದಿಯಲ್ಲಿ ಒಂದು ಬೆಲ್ಲದ ಅಂಗಡಿಯಿತ್ತು. ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ತೊಲೆಗೆ ತೂಗುಬಿಟ್ಟಿದ್ದರು. ಅವ್ವ ತುಲಾಭಾರದ ಹರಕೆ ಎಂದಳು. ಅಂಗಡಿಯ ಮುದುಕ ತಕ್ಕಡಿ ಒರೆಸಿ, "ಕೂಸು ಎಲ್ಲೈತ್ರೀ ತಾಯಿ?" ಎಂದ.

"ಇದೇ ಕೂಸು" ಎಂದು ಅವ್ವ ನನ್ನನ್ನು ಮುಂದಕ್ಕೆ ತಳ್ಳಿದಳು.

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕೂಸು ಭಾಳ ಬೆಳದೈತಿ ಬಿಡ್ರಿ" ಎಂದ. ಪಕ್ಕದ ಅಂಗಡಿಗಳವರೂ ಬಂದು ನಿಂತರು. ಎರಡು ಜಡೆಯ ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ನಾಚಿಕೆಯಿಂದ ಹಿಡಿಯಾಗಿ, ಸೀರೆ ಸುತ್ತಿಕೊಂಡು ತಕ್ಕಡಿಯಲ್ಲಿ ಕೂತೆ, ಸರಪಳಿ ಹಿಡಿದುಕೊಂಡೆ. ಮುದುಕ ಆ ಕಡೆಯ ತಟ್ಟೆಗೆ ಬೆಲ್ಲ ಹಾಕುತ್ತಾ ಹೋದ. ಹಾಕಿದ, ಹಾಕಿದ, ನಾನು ಏಳಲೇ ಇಲ್ಲ. ಅವ್ವ ಮುಡಿಪು ಬಿಚ್ಚುತ್ತಿದ್ದಳು. ಗಂಟು ಎಷ್ಟು ವರ್ಷದ್ದೋ, ಬಟ್ಟೆ ಹರಿಯಿತೇ ಹೊರತು ಗಂಟು ಬಿಚ್ಚಲಿಲ್ಲ. ಹರಿದ ಬಟ್ಟೆಯಿಂದ ಕಪ್ಪಾದ ನಾಣ್ಯ ಅವಳ ಅಂಗೈಗೆ ಬಿತ್ತು. ಅವಳು ಅಳುತ್ತಿದ್ದಳು, ಅಡಗಿಸಿಕೊಳ್ಳಲೂ ಇಲ್ಲ.

ಕೊನೆಗೆ ನನ್ನ ತಟ್ಟೆ ನೆಲ ಬಿಟ್ಟಿತು. ಮುದುಕ ಕೈ ಒರೆಸಿಕೊಂಡು ಅಪ್ಪಾಜಿಯ ಕಡೆ ತಿರುಗಿ, "ಹರಕಿ ಯಾರ್ದು ಯಜಮಾನ್ರ? ಯಾರ ಹೆಸರಿಲೆ ಒಪ್ಪಿಸೂದು?" ಎಂದ.

ಹರಕೆಗೆ ಗಂಡಸರ ಹೆಸರು ಹೇಳುವುದು ರೂಢಿ. ಅಪ್ಪಾಜಿ ಒಂದು ಹೆಜ್ಜೆ ಮುಂದೆ ಬಂದು, ಶಾಲು ಹೆಗಲಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು, ಮಠದ ಸ್ವಾಮಿಗಳ ಮುಂದೆ ನಿಂತು ಮಾತಾಡುವಾಗ ಮಾಡುವ ಹಾಗೆ.

"ಇವರದು" ಎಂದರು. "ಇವರು ಹರಕೆ ಹೊತ್ತಿದ್ರು. ನಾನು ತಡ ಮಾಡಿದೆ. ಇವರು ಕಾದ್ರು."

ತಕ್ಕಡಿಯಲ್ಲಿ ತೂಗಾಡುತ್ತಿದ್ದ ನನಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅವ್ವ ಕಣ್ಣೊರೆಸಿಕೊಂಡು, ಅಪ್ಪಾಜಿ ಅಷ್ಟು ಮರ್ಯಾದೆಯಿಂದ ಹೇಳುತ್ತಿರುವುದು ಯಾರ ಬಗ್ಗೆಯೋ ಎಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.